ಕುದುರೆ ಬಾಲಕ್ಕೆ ಕಟ್ಟಿದ ಐದು ಪೌಂಡ್

ಊರಲ್ಲಿ ಯಾರಾದರೂ ಮನೆ, ತೋಟ ಕಳೆದುಕೊಂಡರೆ ನಮ್ಮಜ್ಜಿ ಒಂದೇ ಸಾಲಲ್ಲಿ ಕಥೆ ಮುಗಿಸುತ್ತಿದ್ದರು: "ಎಲ್ಲಾ ಕುದುರೆ ಬಾಲಕ್ಕೆ ಕಟ್ಟಿದ." ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದರೂ ನಾನು ಗೇಟಿನೊಳಗೆ ಕಾಲಿಡದೇ ಇದ್ದದ್ದಕ್ಕೆ ಆ ಮಾತೇ ಕಾರಣ ಇರಬೇಕು. ಕೊನೆಗೂ ಬಾಜಿ ಕಟ್ಟಿದ್ದು ಇಂಗ್ಲೆಂಡಿನಲ್ಲಿ, ಪ್ರಾಜೆಕ್ಟ್ ಕೆಲಸಕ್ಕೆ ಅಂತ ಹೋಗಿದ್ದಾಗ. ಐದೇ ಐದು ಪೌಂಡ್.

2015ರ ಮಾರ್ಚ್ 10, ಮಂಗಳವಾರ. ಚೆಲ್ಟನ್‌ಹ್ಯಾಮ್ ಹಬ್ಬದ ಮೊದಲ ದಿನ. ನಾಲ್ಕು ದಿನ ನಡೆಯುವ ಈ ರೇಸ್ ನಮ್ಮ ಬೆಂಗಳೂರು, ಮೈಸೂರಿನಲ್ಲಿ ನಡೆಯುವ ಥರದ್ದಲ್ಲ. ಇಲ್ಲಿ ಕುದುರೆಗಳು ಹರ್ಡಲ್, ಬೇಲಿಗಳನ್ನು ಹಾರಿಕೊಂಡು ಕನಿಷ್ಠ ಸುಮಾರು ಎರಡು ಮೈಲಿ ಓಡಬೇಕು. ಆ ವಾರ ಆಫೀಸಿನಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಪಕ್ಕದ ಡೆಸ್ಕಿನ ಐರಿಶ್ ಸಹೋದ್ಯೋಗಿ ನನಗೂ ಒಂದು 'ಅಕ್ಯುಮುಲೇಟರ್' ಮಾಡಿಕೊಟ್ಟ. ನಾಲ್ಕು ರೇಸಿಗೆ ನಾಲ್ಕು ಕುದುರೆ. ಒಂದು ಗೆದ್ದರೆ ಬಂದ ದುಡ್ಡೆಲ್ಲ ಮುಂದಿನದರ ಮೇಲೆ. ನಾಲ್ಕೂ ಗೆಲ್ಲಲೇಬೇಕು, ಒಂದು ಸೋತರೂ ಎಲ್ಲ ಸೊನ್ನೆ. ನಾಲ್ಕಕ್ಕೂ ಟ್ರೇನರ್ ವಿಲ್ಲಿ ಮುಲಿನ್ಸ್, ಜಾಕಿ ರೂಬಿ ವಾಲ್ಶ್. ಬ್ರಿಟನ್, ಐರ್ಲೆಂಡಿನಲ್ಲಿ ಅಸಂಖ್ಯಾತ ಜನ ಅವತ್ತು ಇದೇ ನಾಲ್ಕರ ಮೇಲೆ ದುಡ್ಡು ಹಾಕಿದ್ದರು.

ಡೌವಾನ್ ಗೆದ್ದಿತು. ಅನ್ ದ ಸೋ ಗೆದ್ದಿತು. ಫೋಗೀನ್ ಗೆದ್ದಿತು. ಉಳಿದದ್ದು ಆ್ಯನಿ ಪವರ್ ಒಂದೇ. ಕ್ಯಾಂಟೀನಿನ ಟಿವಿ ಮುಂದೆ ನಾವೊಂದು ಹತ್ತು ಜನ ನಿಂತಿದ್ದೆವು. ಕೊನೆಯ ಹರ್ಡಲ್ ಹತ್ತಿರ ಬಂದಾಗ ಅದೇ ಮುಂದಿತ್ತು. ನಾನು ಮನಸ್ಸಲ್ಲೇ ಅರವತ್ತು ಚಿಲ್ಲರೆ ಪೌಂಡನ್ನು ರೂಪಾಯಿಗೆ ಬದಲಾಯಿಸುತ್ತಿದ್ದೆ. ಆಗ ಅದು ಒಂದು ಹೆಜ್ಜೆ ಮೊದಲೇ ನೆಗೆಯಿತು. ಹರ್ಡಲ್‌ನ ನೆರಳನ್ನೇ ಹರ್ಡಲ್ ಅಂದುಕೊಂಡಿತು ಅಂತ ಆಮೇಲೆ ಕೆಲವರು ಹೇಳಿದರು. ಮುಗ್ಗರಿಸಿ ನೆಲಕ್ಕೆ ಬಿತ್ತು.

ನನ್ನ ಬಾಯಿಂದ ಬಂದ ಮೊದಲ ಮಾತು, "ಅಯ್ಯೋ, ಹೋಯ್ತು ದುಡ್ಡು!"

ಪಕ್ಕದಲ್ಲಿದ್ದ ಐರಿಶ್ ಗೆಳೆಯ ನನಗಿಂತ ನಾಲ್ಕು ಪಟ್ಟು ಹೆಚ್ಚು ಹಾಕಿದ್ದ. ಅವನು ಹೇಳಿದ್ದು, "ಏಳು ಮಗಳೇ, ಎದ್ದೇಳು."

ಅದು ಹೆಣ್ಣು ಕುದುರೆ, ಆ ರೇಸೇ ಹೆಣ್ಣು ಕುದುರೆಗಳದ್ದು ಅಂತ ನನಗೆ ಗೊತ್ತಾದದ್ದು ಆವಾಗ.

ಆ್ಯನಿ ಪವರ್ ಎದ್ದಿತು. ಏಟೇನೂ ಆಗಿರಲಿಲ್ಲ. ರೂಬಿ ವಾಲ್ಶ್ ಕೂಡ ಎದ್ದರು. ಆ ಒಂದು ಬೀಳುವಿಕೆಯಿಂದ ಬುಕ್ಕಿ ಕಂಪನಿಗಳಿಗೆ ಸುಮಾರು 5 ಕೋಟಿ ಪೌಂಡ್ ಉಳಿಯಿತು ಅಂತ ಪತ್ರಿಕೆಗಳು ಬರೆದವು. ನನಗೆ ಆದ ನಷ್ಟ ಎರಡು ಕಾಫಿಯ ದುಡ್ಡು. ಆದರೂ ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದರೆ ನಾನು ಕಲ್ಲುಮನಸ್ಸಿನವನೇನಲ್ಲ. ರಸ್ತೆಯಲ್ಲಿ ನಾಯಿಗೆ ಗಾಡಿ ತಾಗಿದರೆ ಬೈಕ್ ನಿಲ್ಲಿಸಿ ನೋಡುವವನು. ಅಂಥವನ ಕಣ್ಣೆದುರು ಅಷ್ಟು ದೊಡ್ಡ ಜೀವ ಬಿದ್ದಾಗ ಮೊದಲು ನೆನಪಾದದ್ದು ದುಡ್ಡು. ಬರೀ ಐದು ಪೌಂಡಿಗೆ ನನ್ನ ಮನಸ್ಸಿನ ಸರದಿ ಸಾಲು ಬದಲಾಗಿತ್ತು.

ಜೂಜಿನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಒಂದು ಅಜ್ಜಿಯ ಪ್ರಶ್ನೆ: ಎಷ್ಟು ಕಳೆದುಕೊಂಡ? ಇನ್ನೊಂದು ಕಾನೂನಿನ ಪ್ರಶ್ನೆ: ಇದು ಅದೃಷ್ಟವೋ, ಕೌಶಲವೋ? ಕುದುರೆ ರೇಸ್ ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿಬಿಟ್ಟಿದೆ. ಎರಡೂ ಮುಖ್ಯವಾದ ಪ್ರಶ್ನೆಗಳೇ. ಆದರೆ ಎರಡರಲ್ಲೂ ಕುದುರೆ ಇಲ್ಲ ನೋಡಿ. ನಾನು ಪಣಕ್ಕಿಟ್ಟದ್ದು ಐದು ಪೌಂಡ್. ಕುದುರೆ ಪಣಕ್ಕಿಟ್ಟದ್ದು ತನ್ನ ಕಾಲು, ಬೆನ್ನು, ಜೀವ. ಇಟ್ಟದ್ದು ಅಂತ ಹೇಳುವುದೂ ತಪ್ಪು, ಅದನ್ನು ಯಾರೂ ಕೇಳಿರಲಿಲ್ಲ. 2006ರ ಚೆಲ್ಟನ್‌ಹ್ಯಾಮ್ ಹಬ್ಬವೊಂದರಲ್ಲೇ ಒಂಬತ್ತಕ್ಕೆ ಕಡಿಮೆಯಿಲ್ಲದಷ್ಟು ಕುದುರೆಗಳು ಸತ್ತವು. ಬಿದ್ದ ಕುದುರೆಗೆ ಜೋರು ಪೆಟ್ಟಾದರೆ ಸುತ್ತ ಒಂದು ಪರದೆ ಹಿಡಿಯುತ್ತಾರೆ. ಜನ ಮುಂದಿನ ರೇಸಿನ ಆಡ್ಸ್ ನೋಡುತ್ತಿರುತ್ತಾರೆ.

ಮರುದಿನ ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಕುದುರೆ ಸಾಕುವ ಮನೆಯಲ್ಲೇ ಬೆಳೆದವನು. "ಬಾಜಿ ಇಲ್ಲದಿದ್ದರೆ ಈ ಕುದುರೆಗಳು ಹುಟ್ಟುತ್ತಲೇ ಇರಲಿಲ್ಲ" ಅಂದ. ಸುಳ್ಳಲ್ಲ. ಬ್ರಿಟನ್ನಿನಲ್ಲಿ ಬುಕ್ಕಿಗಳ ಲಾಭದ ಒಂದು ಪಾಲು ಲೆವಿಯಾಗಿ ರೇಸಿಂಗಿಗೇ ವಾಪಸ್ ಬರುತ್ತದೆ. ಅದರಲ್ಲಿ ಸ್ವಲ್ಪ ಕುದುರೆಗಳ ವೈದ್ಯಕೀಯ ಸಂಶೋಧನೆಗೂ ಹೋಗುತ್ತದೆ. "ಅವಕ್ಕೆ ಓಡೋದು ಇಷ್ಟ. ಜಾಕಿ ಬಿದ್ದರೂ ಕುದುರೆ ಓಡುತ್ತಲೇ ಇರುತ್ತೆ, ಗಮನಿಸಿದ್ದೀಯಾ?" ಅಂತಲೂ ಕೇಳಿದ. ಗಮನಿಸಿದ್ದೆ. ಆದರೆ ಕುದುರೆ ಗುಂಪಿನ ಪ್ರಾಣಿ. ಗುಂಪು ಓಡಿದರೆ ಅದೂ ಓಡುತ್ತದೆ. ಓಡುವುದು ಇಷ್ಟ ಅನ್ನುವುದಕ್ಕೂ, ದಣಿದ ಮೇಲೆ ಕೊನೆಯ ಹರ್ಡಲ್ ಹಾರುವುದಕ್ಕೆ ಒಪ್ಪಿದೆ ಅನ್ನುವುದಕ್ಕೂ ನಡುವೆ ತುಂಬ ದೂರ ಇದೆ. ಹುಟ್ಟಿಸಿದ್ದೇವೆ ಅನ್ನುವುದು ಏನು ಬೇಕಾದರೂ ಮಾಡಲು ಲೈಸೆನ್ಸ್ ಅಲ್ಲ. ನಮ್ಮ ಮಕ್ಕಳ ವಿಷಯದಲ್ಲಂತೂ ನಾವದನ್ನು ಒಪ್ಪುವುದಿಲ್ಲ.

ಇಷ್ಟೆಲ್ಲ ವಾದ ಮಾಡಿದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಬಾಜಿಯನ್ನು ಸಮರ್ಥಿಸುವ ಅವನು ಮೊದಲು ಕುದುರೆಯನ್ನು ನೋಡಿದ್ದ. ನೀತಿ ಹೇಳುತ್ತಿರುವ ನಾನು ನೋಡಿರಲಿಲ್ಲ.

ನಳನ ಕಥೆ ನೆನಪಿದೆಯಲ್ಲ? ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಋತುಪರ್ಣನ ಸಾರಥಿಯಾದವನು. ನಳನಿಗೆ ಅಶ್ವಹೃದಯ ಗೊತ್ತಿತ್ತು, ಅಂದರೆ ಕುದುರೆಯ ಒಳಮನಸ್ಸು. ಋತುಪರ್ಣನಿಗೆ ಅಕ್ಷಹೃದಯ ಗೊತ್ತಿತ್ತು, ದಾಳದ ಗುಟ್ಟು. ಇಬ್ಬರೂ ವಿದ್ಯೆ ಬದಲಾಯಿಸಿಕೊಳ್ಳುತ್ತಾರೆ. ನನ್ನ ಗೆಳೆಯನಿಗೆ ಎರಡೂ ಸ್ವಲ್ಪ ಸ್ವಲ್ಪ ಗೊತ್ತಿದ್ದವು. ನನ್ನ ಹತ್ತಿರ ಎರಡೂ ಇರಲಿಲ್ಲ, ಇದ್ದದ್ದು ಫೋನಿನ ಮೇಲಿನ ಒಂದು ಅಂಕಿ. ಏನೂ ಗೊತ್ತಿಲ್ಲದ ಜೀವದ ಮೇಲೆ ದುಡ್ಡು ಹಾಕಿದಾಗ ಆ ಜೀವ ಅಂಕಿಯಾಗಿಯೇ ಕಾಣುತ್ತದೆ. ಬಿದ್ದದ್ದೂ ಅಂಕಿಯೇ. ಹಾಗಂತ ಗೆಳೆಯನ ಪ್ರೀತಿ ಹರ್ಡಲ್‌ನ ಎತ್ತರವನ್ನೇನೂ ಕಡಿಮೆ ಮಾಡಲಿಲ್ಲ. ಪ್ರೀತಿಸುತ್ತಲೇ ಒಂದು ಜೀವವನ್ನು ಅಪಾಯಕ್ಕೆ ಕಳಿಸುವುದು ಸರಿಯಾ? ಅದು ಅವನು ಉತ್ತರಿಸಬೇಕಾದ ಪ್ರಶ್ನೆ. ನನ್ನದು ಅದಕ್ಕಿಂತ ಸಣ್ಣದು, ಆದರೆ ತಪ್ಪಿಸಿಕೊಳ್ಳೋಕೆ ಆಗದ್ದು.

ಆ ಪ್ರಶ್ನೆ ಕುದುರೆಗಷ್ಟೇ ಸೇರಿದ್ದೂ ಅಲ್ಲ. ಫ್ಯಾಂಟಸಿ ಟೀಮ್ ಕಟ್ಟಿದವರಿಗೆ ಇದು ಗೊತ್ತಿರುತ್ತೆ. ನಿಮ್ಮ ಕ್ಯಾಪ್ಟನ್ ತೊಡೆ ಹಿಡಿದುಕೊಂಡು ಕುಂಟುತ್ತಾ ಹೊರಗೆ ಹೋದಾಗ ಮನಸ್ಸಿಗೆ ಮೊದಲು ಬಂದದ್ದು ಆ ಹುಡುಗನ ನೋವಾ, ನಿಮ್ಮ ಪಾಯಿಂಟಾ? ಟೀಮ್‌ಮೇಟ್ ಒಬ್ಬಳು ಡೆಡ್‌ಲೈನ್ ವಾರ ಜ್ವರ ಅಂತ ಮೆಸೇಜ್ ಹಾಕಿದಾಗ? ಎರಡನೇ ಯೋಚನೆಯಲ್ಲಿ ನಾವೆಲ್ಲ ಒಳ್ಳೆಯವರೇ. ಮೊದಲನೆಯದು ಯಾವುದು ಅನ್ನುವುದರಲ್ಲಿ ನಾವೇನನ್ನು ಎಲ್ಲಿ ಕಟ್ಟಿದ್ದೇವೆ ಅಂತ ಗೊತ್ತಾಗುತ್ತದೆ.

ಮರುವರ್ಷ, 2016ರಲ್ಲಿ, ಆ್ಯನಿ ಪವರ್ ಮತ್ತೆ ಚೆಲ್ಟನ್‌ಹ್ಯಾಮ್‌ಗೆ ಬಂದು ಚಾಂಪಿಯನ್ ಹರ್ಡಲ್ ಓಡಿತು. ಈ ಸಲ ನಾನು ದುಡ್ಡು ಹಾಕಲಿಲ್ಲ. ಟಿವಿ ಮಾತ್ರ ನೋಡಿದೆ, ಹಾಗಾಗಿ ಕೈ ತೊಳೆದುಕೊಂಡೆ ಅಂತ ಹೇಳಲಾರೆ. ಕೊನೆಯ ಹರ್ಡಲ್ ಬಂದಾಗ ಉಸಿರು ಹಿಡಿದು ಅದರ ಮುಂಗಾಲನ್ನೇ ನೋಡುತ್ತಿದ್ದೆ. ಹಾರಿತು, ಗೆದ್ದಿತು. ನನಗೆ ಒಂದು ಪೆನ್ನಿಯೂ ಬರಲಿಲ್ಲ. ಓಟ ಮುಗಿಸಿದ ಕುದುರೆಯ ಮುಖವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತು. ಅಷ್ಟು ದಿನ ನಾನು ಬಾಲ ಮಾತ್ರ ನೋಡಿದ್ದೆ.