ಚಿಪ್ಪಿನೊಳಗೆ ಕಡಲಿಲ್ಲ

ತೀರಿಹೋದವರ ವಸ್ತುವೊಂದನ್ನು ಜೋಪಾನವಾಗಿಟ್ಟುಕೊಳ್ಳದ ಮನೆ ಬಹುಶಃ ಇಲ್ಲ. ತಂದೆಯ ಕನ್ನಡಕ, ಅಜ್ಜಿಯ ಅಡಕತ್ತರಿ, ಗಲ್ಫಿನಲ್ಲಿ ದುಡಿದ ಅಣ್ಣನ ಕೈಗಡಿಯಾರ. ಇವು ಉಪಯೋಗಕ್ಕೂ ಬರುವುದಿಲ್ಲ, ಎಸೆಯಲೂ ಮನಸ್ಸಾಗುವುದಿಲ್ಲ. ಇಂತಹ ವಸ್ತುಗಳ ಮೇಲಿನ ಪ್ರೀತಿಯು ಮನಸ್ಸಿನ ದೌರ್ಬಲ್ಯವೇ? ಅಥವಾ ಅದು ಋಣದ ಅರಿವೇ? ಪ್ರಿಯ ಓದುಗರೇ, ಒಂದು ಸಣ್ಣ ಕಡಲ ಚಿಪ್ಪನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಚಿಂತಿಸಬಯಸುತ್ತೇನೆ.

ಉಮ್ಮ ತೀರಿಕೊಂಡ ಬಳಿಕ ಅವರ ತಗಡಿನ ಪೆಟ್ಟಿಗೆಯನ್ನು ತೆರೆದಾಗ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಚಿಪ್ಪೊಂದು ಸಿಕ್ಕಿತು. ಹೆಬ್ಬೆರಳ ಗಾತ್ರ, ಸುರುಳಿ ಸುತ್ತಿದ ಮೈ, ಬಿಳಿಯ ಮೇಲೆ ಕಂದು ಮಚ್ಚೆ. ಏಳೆಂಟು ವರ್ಷದವನಿದ್ದಾಗ ಉಳ್ಳಾಲದ ಕಡಲ ತೀರದಲ್ಲಿ ನಾನೇ ಹೆಕ್ಕಿ ತಂದು ಅವರ ಕೈಗೆ ಕೊಟ್ಟದ್ದು. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ದೂರದ ಊರಿಗೆ ಕಲಿಯಲು ಹೋದವನು, ಮುಂದೆ ಕಲಿಸಲು ಹೋದವನು, ರಮಝಾನಿಗೋ ಬಕ್ರೀದಿಗೋ ಅತಿಥಿಯಂತೆ ಬಂದು ಹೋಗುತ್ತಿದ್ದೆ. ಮಗನಿಗಿಂತ ಹೆಚ್ಚು ಕಾಲ ಅವರ ಜೊತೆಗಿದ್ದದ್ದು ಆ ಚಿಪ್ಪು. ಮೃತರ ಸೊತ್ತಿನಲ್ಲಿ ಸೂಜಿಗೂ ವಾರೀಸುದಾರರಿದ್ದಾರೆ ತಾನೆ? ಆದ್ದರಿಂದ ಒಡಹುಟ್ಟಿದವರನ್ನೆಲ್ಲ ಕೇಳಿ, ಅವರ ಒಪ್ಪಿಗೆ ಪಡೆದು ಅದನ್ನು ಮನೆಗೆ ತಂದೆ.

ಇತ್ತೀಚೆಗೆ ನನ್ನ ಮಗಳು ಮೊಬೈಲಿನಲ್ಲಿ ಅದರ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆದು ತೋರಿಸಿದಳು. ನುಣುಪು ಎಂದು ನಾನು ಬಗೆದಿದ್ದ ಮೈಯ ತುಂಬ ಕೂದಲೆಳೆಯಂತಹ ಗೆರೆಗಳಿದ್ದವು. ಅವು ಬೆಳವಣಿಗೆಯ ಗುರುತುಗಳು. ಚಿಪ್ಪಿನೊಳಗಿನ ಮೆದು ಜೀವಿಯು ತನ್ನ ಮೈಯ ತೆಳು ಹೊದಿಕೆಯಿಂದ ಸುಣ್ಣದ ಅಂಶವನ್ನು ಒಸರಿಸಿ ಚಿಪ್ಪಿನ ಬಾಯಂಚಿಗೆ ಸೇರಿಸುತ್ತಾ ಹೋಗುತ್ತದೆ. ಮನೆ ಸಾಲದೆ ಬಂದಾಗ ಅದು ಹಳೆಯದನ್ನು ಕೆಡವುವುದಿಲ್ಲ, ಅಂಚಿಗೆ ಅಂಚು ಕೂಡಿಸುತ್ತದೆ. ಹುಟ್ಟಿದ ಕಾಲದ ಪುಟ್ಟ ಕೋಣೆಯು ಸಾಮಾನ್ಯವಾಗಿ ಸುರುಳಿಯ ತುದಿಯಲ್ಲಿ ಹಾಗೆಯೇ ಉಳಿದಿರುತ್ತದೆ.

ಚಿತ್ರದ ಒಂದು ಕಡೆಯಲ್ಲಿ ಮಾತ್ರ ಗೆರೆಗಳು ಮುರಿದು, ವಕ್ರವಾಗಿ ಮತ್ತೆ ಕೂಡಿಕೊಂಡಿದ್ದವು. ಏಡಿಯಂತಹ ಶತ್ರು ಅಂಚನ್ನು ಮುರಿದರೂ ಜೀವ ಉಳಿದಿದ್ದರೆ, ಆ ಪ್ರಾಣಿಯು ಮುರಿದಲ್ಲಿಂದಲೇ ಮತ್ತೆ ಕಟ್ಟುತ್ತದೆ. ಗಾಯದ ಗುರುತು ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಸೃಷ್ಟಿಕರ್ತನು ಬೆರಳಷ್ಟು ಜೀವಕ್ಕೂ ಎಂತಹ ಸಾಮರ್ಥ್ಯವನ್ನು ಕೊಟ್ಟಿದ್ದಾನೆ!

1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ನಾಟಿಲಸ್ ಎಂಬ ಕಡಲ ಜೀವಿಯ ಚಿಪ್ಪನ್ನು ಕಪ್ಪು ಹಿನ್ನೆಲೆಯಲ್ಲಿಟ್ಟು ತೆಗೆದ ಚಿತ್ರ ಲೋಕಪ್ರಸಿದ್ಧವಾಗಿದೆ. ಚಿಪ್ಪುಗಳ ಚೆಲುವಿನತ್ತ ಅವರ ಗಮನ ಸೆಳೆದದ್ದು ಹೆನ್ರಿಯೆಟ್ಟಾ ಶೋರ್ ಎಂಬ ಚಿತ್ರಕಲಾವಿದೆಯ ಬಳಿಯಿದ್ದ ಚಿಪ್ಪುಗಳು. ಆ ಕಾಲದ ಕ್ಯಾಮರಾದಲ್ಲಿ ಅಂತಹ ಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬಿಡಬೇಕಾಗುತ್ತಿತ್ತು. ಅಷ್ಟು ಹೊತ್ತೂ ಚಿಪ್ಪು ಅಲುಗಬಾರದು. ಚೆಲುವನ್ನು ಕಾಣಲು ಒಡೆತನ ಬೇಕಿಲ್ಲ, ತಾಳ್ಮೆ ಬೇಕು. ಪ್ರವಾಸ ಹೋದಲ್ಲೆಲ್ಲ ನೆನಪಿಗೆಂದು ಕೊಳ್ಳುವವರು ಇದನ್ನು ಗಮನಿಸಬೇಕು. ಅಂಗಡಿಯಲ್ಲಿ ಮಿರುಗುವ ದೊಡ್ಡ ಚಿಪ್ಪುಗಳಲ್ಲಿ ಎಷ್ಟೋ ಜೀವಂತ ಪ್ರಾಣಿಯನ್ನು ಕೊಂದು ತೆಗೆದವು. 2001ರಲ್ಲಿ ಕೇಂದ್ರ ಸರಕಾರವು ನಾಟಿಲಸ್ ಸಹಿತ 24 ಜಾತಿಯ ಚಿಪ್ಪುಜೀವಿಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಡಿಸಿತು. ನಮ್ಮ ಷೋಕೇಸಿನ ನೆನಪಿಗಾಗಿ ಒಂದು ಜೀವ ಹೋಗಬೇಕೇ?

ಮಗಳ ಚಿತ್ರವನ್ನು ನೋಡುತ್ತಾ ನನಗೆ ನಾಚಿಕೆಯಾಯಿತು. ಉಮ್ಮನ ಮುಖವನ್ನು ನಾನು ಎಂದಾದರೂ ಅಷ್ಟು ಹೊತ್ತು ನೋಡಿದ್ದೆನೇ? ಅವರ ಬದುಕು ಎಲ್ಲಿ ಮುರಿದಿತ್ತು, ಹೇಗೆ ಮತ್ತೆ ಕೂಡಿಸಿಕೊಂಡರು ಎಂದು ಬಳಿ ಕುಳಿತು ಕೇಳಿದ್ದೆನೇ?

ಚಿಪ್ಪನ್ನು ಕಿವಿಗೆ ಹಿಡಿದರೆ ಕಡಲಿನ ಮೊರೆತ ಕೇಳಿಸುತ್ತದೆ ಎಂದು ಮಕ್ಕಳು ಹಿಗ್ಗುತ್ತಾರೆ. ಆದರೆ ಅದರೊಳಗೆ ಕಡಲಿಲ್ಲ. ನಮ್ಮ ಸುತ್ತಲಿನ ಸಣ್ಣಪುಟ್ಟ ಸದ್ದುಗಳೇ ಆ ಟೊಳ್ಳಿನಲ್ಲಿ ಅನುರಣಿಸಿ ಮೊರೆತದಂತೆ ಕೇಳಿಸುತ್ತವೆ. ನೆನಪಿನ ವಸ್ತುವಿನ ಗುಟ್ಟೂ ಇದೇ. ಉಮ್ಮ ಆ ಚಿಪ್ಪಿನಲ್ಲಿಲ್ಲ. ಅದಕ್ಕೆ ಕೊಡುವ ಶಕ್ತಿಯೂ ಇಲ್ಲ, ಕಾಯುವ ಶಕ್ತಿಯೂ ಇಲ್ಲ. ರಕ್ಷಣೆಗೆಂದು ಕೊರಳಿಗೆ ಕವಡೆ ಕಟ್ಟಿಕೊಳ್ಳುವುದನ್ನು ಪ್ರವಾದಿವರ್ಯರು(ಸ) ಖಂಡಿಸಿದ ವರದಿಯು ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿದೆ. ವಸ್ತುವಿನಿಂದ ಕೇಳಿಸುವುದು ನಮ್ಮದೇ ಮನಸ್ಸಿನ ಸದ್ದು.

ಹಾಗಾದರೆ ಅದನ್ನು ಎಸೆದುಬಿಡಬೇಕೇ? ಬೇಕಾಗಿಲ್ಲ. ಬದ್ರ್ ಯುದ್ಧದ ಬಳಿಕ, ಅಂದರೆ 624ರಲ್ಲಿ, ಸೆರೆಸಿಕ್ಕಿದ್ದ ಪತಿ ಅಬುಲ್ ಆಸ್‌ರ ಬಿಡುಗಡೆಗಾಗಿ ಪ್ರವಾದಿಪುತ್ರಿ ಝೈನಬ್(ರ) ಮಕ್ಕಾದಿಂದ ಒಂದು ಹಾರವನ್ನು ಕಳುಹಿಸಿದರು. ಅದು ತಾಯಿ ಖದೀಜಾ(ರ) ಮದುವೆಯಲ್ಲಿ ಮಗಳಿಗೆ ಕೊಟ್ಟಿದ್ದ ಹಾರ. ಅದನ್ನು ಕಂಡಾಗ ಪ್ರವಾದಿವರ್ಯರ(ಸ) ಹೃದಯ ಕರಗಿತು. ಆದರೆ ಅವರು ತಾವೊಬ್ಬರೇ ತೀರ್ಮಾನಿಸಲಿಲ್ಲ, ಹಾರವನ್ನು ತಮ್ಮ ಬಳಿ ಇಟ್ಟುಕೊಳ್ಳಲೂ ಇಲ್ಲ. ಸಂಗಾತಿಗಳಿಗೆ ಸರಿಯೆನಿಸಿದರೆ ಸೆರೆಯಾಳನ್ನು ಬಿಟ್ಟು, ಹಾರವನ್ನು ಮಗಳಿಗೇ ಮರಳಿಸಬಹುದೆಂದು ಕೇಳಿದರು. ಅವರು ಒಪ್ಪಿದರು. ಮನೆಯಲ್ಲಿ ಆಡು ಕಡಿದಾಗ ಅದರ ಪಾಲನ್ನು ಖದೀಜಾರ(ರ) ಗೆಳತಿಯರಿಗೆ ಕಳುಹಿಸುತ್ತಿದ್ದುದೂ ಹದೀಸ್‌ಗಳಿಂದ ತಿಳಿದುಬರುತ್ತದೆ. ನೆನಪು ಅಲ್ಲಿ ಕಣ್ಣೀರಿಗೆ ನಿಲ್ಲಲಿಲ್ಲ. ಅದು ಒಬ್ಬ ಸೆರೆಯಾಳಿನ ಬಿಡುಗಡೆಯಾಯಿತು, ಗೆಳತಿಯರ ಮನೆಯ ಊಟವಾಯಿತು.

ಇದನ್ನು ಮಕ್ಕಳಿಗೆ ಅದೆಷ್ಟೋ ಬಾರಿ ಪಾಠ ಮಾಡಿದವನು ನಾನು. ಆದರೆ ಆ ಚಿತ್ರವನ್ನು ಕಂಡ ಮೇಲೆಯೇ ಉಮ್ಮನ ಜೊತೆ ಬೀಡಿ ಕಟ್ಟುತ್ತಿದ್ದ ನೆರೆಮನೆಯ ವೃದ್ಧೆಯನ್ನು ನೋಡಲು ಹೋದೆ. ಚಿಪ್ಪನ್ನು ಕೈಗಿಟ್ಟಾಗ ಅವರು ನಿಧಾನವಾಗಿ ಹೇಳಿದರು: "ನಿನ್ನನ್ನು ಓದಲು ಕಳುಹಿಸಿದ ವರ್ಷ ನಿನ್ನುಮ್ಮ ಕಿವಿಯ ಚಿನ್ನ ಅಡವಿಟ್ಟಿದ್ದಳು ಮೋನೇ. ಬಿಡಿಸಿಕೊಳ್ಳಲಾಗಲಿಲ್ಲ. ನಿನಗೆ ಹೇಳಬಾರದು ಅಂದಿದ್ದಳು." ಉಮ್ಮನ ಬರಿಗಿವಿಯನ್ನು ನಾನು ವರ್ಷಗಳ ಕಾಲ ಕಂಡಿದ್ದೆ. ನೋಡಿರಲಿಲ್ಲ.

ಓದುಗ ಸಹೋದರ ಸಹೋದರಿಯರೇ, ನೆನಪಿನ ವಸ್ತುವನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಇನ್ನೂ ತೀರದ ಸಾಲದ ಚೀಟಿಯೆಂದು ತಿಳಿದು ಇಟ್ಟುಕೊಳ್ಳಿ. ತೀರಿಹೋದವರ ಗೆಳೆಯ ಗೆಳತಿಯರಲ್ಲಿ ಯಾರು ಉಳಿದಿದ್ದಾರೆ? ಅವರ ಬಾಗಿಲಿಗೆ ಹೋಗಿ ಎಷ್ಟು ದಿನವಾಯಿತು? ತಂದೆತಾಯಿ ಇನ್ನೂ ಜೊತೆಗಿರುವವರೇ, ನೀವು ಭಾಗ್ಯವಂತರು. ಇಂದು ಮಗ್ರಿಬ್ ನಮಾಝಿನ ಬಳಿಕ ಅವರ ಬಳಿ ಕುಳಿತುಕೊಳ್ಳಿ, ಅವರ ಮುಖವನ್ನು ಹತ್ತಿರದಿಂದ ನೋಡಿ, ಅವರು ಹೇಳದೆ ಉಳಿಸಿದ್ದನ್ನು ಕೇಳಿ. ನಮ್ಮ ನೆನಪುಗಳನ್ನು ಸತ್ಕರ್ಮಗಳನ್ನಾಗಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.