ಖಾನಾಪುರವೊಂದೇ ಯಾಕೆ ಹೊರಬೇಕು?

2023ರಲ್ಲಿ ಖೋಟಾ ಛಾಪಾ ಕಾಗದ ಹಗರಣದ ಮೇಲೆ ‘ಸ್ಕ್ಯಾಮ್ 2003’ ಎಂಬ ಹಿಂದಿ ವೆಬ್ ಸರಣಿ ಬಂತು. ಖಾನಾಪುರದ ಹೆಸರು ಮತ್ತೆ ದೇಶದ ಬಾಯಿಗೆ ಬಿತ್ತು. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಹಲಸಿ, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ, ಎಲ್ಲವೂ ಇರುವ, ಬೆಳಗಾವಿ ಜಿಲ್ಲೆಯ ತಾಲ್ಲೂಕು ಇದು. ಆದರೂ ಇಲ್ಲಿನ ಹುಡುಗನೊಬ್ಬ ಮುಂಬೈಗೋ ಪುಣೆಗೋ ಕೆಲಸಕ್ಕೆ ಹೋಗಿ ತನ್ನ ಊರು ಹೇಳಿದರೆ ಕೇಳುವ ಮೊದಲ ಮಾತು ‘ತೆಲಗಿ ಊರಾ?’

ಅಬ್ದುಲ್ ಕರೀಂ ತೆಲಗಿ 1961ರಲ್ಲಿ ಖಾನಾಪುರದಲ್ಲಿ ಹುಟ್ಟಿದವನು. ತಂದೆ ರೈಲ್ವೆ ನೌಕರರು, ಬೇಗ ತೀರಿಕೊಂಡರು. ಹುಡುಗ ರೈಲಿನಲ್ಲಿ ಹಣ್ಣು, ತರಕಾರಿ ಮಾರಿ ಓದಿದ, ಬೆಳಗಾವಿಯ ಗೋಗಟೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ. ಅಲ್ಲಿಯವರೆಗಿನ ಬದುಕು ನಮ್ಮ ಕಡೆಯ ಎಷ್ಟೋ ಬಡ ಹುಡುಗರದ್ದೇ. ಆಮೇಲೆ ಮುಂಬೈ, ಸೌದಿ, ಮತ್ತೆ ಮುಂಬೈ, ಸುಳ್ಳು ಕಾಗದಪತ್ರದ ಮೊದಲ ಕೇಸು. ಇಷ್ಟಾದ ಮೇಲೂ 1994ರಲ್ಲಿ ಅವನಿಗೆ ಛಾಪಾ ಕಾಗದ ಮಾರುವ ಲೈಸೆನ್ಸ್ ಸಿಕ್ಕಿತು. ಕಥೆಯ ಬುಡ ಇರುವುದು ಇಲ್ಲಿ. ಆ ಲೈಸೆನ್ಸಿಗೆ ಸಹಿ ಹಾಕಿದ ಕೈ ಖಾನಾಪುರದ್ದಲ್ಲ.

ಮುಂದಿನದು ಇನ್ನೂ ದೊಡ್ಡದು. ನಾಸಿಕ್‌ನ ಇಂಡಿಯಾ ಸೆಕ್ಯೂರಿಟಿ ಪ್ರೆಸ್ ಸರ್ಕಾರದ ಛಾಪಾ ಕಾಗದ ಮುದ್ರಿಸುವ ಜಾಗ. ಅಲ್ಲಿ ಗುಜರಿಗೆ ಹಾಕಿದ ಯಂತ್ರವನ್ನು ಮತ್ತೆ ಬಳಸಲಾಗದಂತೆ ಒಡೆದು ಕೊಡಬೇಕು. ತನಿಖೆಯಲ್ಲಿ ಹೊರಬಂದ ಪ್ರಕಾರ ಅದು ಕೆಲಸ ಮಾಡುವ ಸ್ಥಿತಿಯಲ್ಲೇ ತೆಲಗಿಯ ಕೈಸೇರಿತು. ಸರ್ಕಾರಿ ಯಂತ್ರದಲ್ಲೇ ಅಚ್ಚಾದ ಖೋಟಾ ಕಾಗದವನ್ನು ಅಸಲಿಯಿಂದ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟವಾಯಿತು.

ಕೊಂಡವರು ಯಾರು? ಓಣಿಯಲ್ಲಿ ಬಾಡಿಗೆ ಕರಾರು ಬರೆಸುವ ಬಡವರಷ್ಟೇ ಅಲ್ಲ. ಸುಮಾರು 300 ಏಜೆಂಟರು ಟೈ ಕಟ್ಟಿಕೊಂಡು ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿ ಕಚೇರಿಗಳಿಗೆ ಹೋಗಿ ಸಗಟಾಗಿ ಮಾರಿದರು. ಎ.ಸಿ. ಕೋಣೆ, ಗಾಜಿನ ಬಾಗಿಲು, ಗೋಡೆಯ ಮೇಲೆ ಪ್ರಾಮಾಣಿಕತೆಯ ಘೋಷಣೆ. ಅಂಥ ಕಚೇರಿಗಳಲ್ಲಿ ಈ ಕಾಗದ ಎಲ್ಲಿಂದ ಬಂತು ಎಂದು ಕೇಳುವವರಿರಲಿಲ್ಲ. ಕೇಳದೇ ಇದ್ದುದಕ್ಕೆ ಕಾರಣ ಪೆದ್ದತನ ಎಂದು ನಾನು ನಂಬುವುದಿಲ್ಲ. ಸಾಲಾಗಿ ನಿಲ್ಲದೆ ಕಾಗದ ಟೇಬಲ್ಲಿಗೇ ಬರುತ್ತಿತ್ತು, ಕೆಲಸ ಸಲೀಸಾಗುತ್ತಿತ್ತು. ಕೇಳಿದರೆ ತೊಂದರೆ, ಸುಮ್ಮನಿದ್ದರೆ ಅನುಕೂಲ.

ಖೋಟಾ ನೋಟಿಗೂ ಖೋಟಾ ಛಾಪಾ ಕಾಗದಕ್ಕೂ ಒಂದು ವ್ಯತ್ಯಾಸವಿದೆ. ನೋಟು ಕೈಯಿಂದ ಕೈಗೆ ತಿರುಗಿ ಒಂದಲ್ಲ ಒಂದು ದಿನ ಬ್ಯಾಂಕಿನ ಕೌಂಟರಿಗೆ ಬರುತ್ತದೆ, ಸಿಕ್ಕಿಬೀಳುತ್ತದೆ. ನಮ್ಮ ಕಡೆ ಬಾಂಡ್ ಅನ್ನುವ ಈ ಕಾಗದ ಟೈಪಾಗಿ ಸಹಿ ಬಿದ್ದರೆ ಕಡತ ಸೇರಿ ಕಪಾಟಿನಲ್ಲಿ ಕೂತುಬಿಡುತ್ತದೆ. ವ್ಯಾಜ್ಯ ಏಳುವವರೆಗೆ ಅದನ್ನು ಯಾರೂ ಬೆಳಕಿಗೆ ಹಿಡಿಯುವುದಿಲ್ಲ. ನಷ್ಟ ಆದದ್ದು ರಾಜ್ಯಗಳ ಬೊಕ್ಕಸಕ್ಕೆ, ಅಂದರೆ ಶಾಲೆ, ರಸ್ತೆ, ಆಸ್ಪತ್ರೆಗೆ ಹೋಗಬೇಕಾದ ನಮ್ಮ ಮುದ್ರಾಂಕ ಶುಲ್ಕಕ್ಕೆ.

2000ದಲ್ಲಿ ಬೆಂಗಳೂರು ಪೊಲೀಸರಿಗೆ ಜಾಡು ಸಿಕ್ಕಿತು. 2001ರ ನವೆಂಬರಿನಲ್ಲಿ ತೆಲಗಿ ಅಜ್ಮೀರ್‌ನಲ್ಲಿ ಸೆರೆಯಾದ. ಕಸ್ಟಡಿಯಲ್ಲಿರಬೇಕಾದವನು ಮುಂಬೈನ ಕಫ್ ಪರೇಡ್‌ನ ತನ್ನ ಮನೆಯಲ್ಲೇ, ಕಾವಲು ಪೊಲೀಸರ ಸಮ್ಮುಖದಲ್ಲೇ ಆರಾಮವಾಗಿದ್ದದ್ದು 2003ರ ಜನವರಿಯಲ್ಲಿ ವಿಶೇಷ ತನಿಖಾ ತಂಡದ ಕಣ್ಣಿಗೆ ಬಿತ್ತು. ಅಣ್ಣಾ ಹಜಾರೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಶಾಸಕರ ಬಂಧನವಾಯಿತು. ಮುಂಬೈ ಪೊಲೀಸ್ ಕಮಿಷನರ್ ಹುದ್ದೆಯಿಂದ ನಿವೃತ್ತರಾದವರೊಬ್ಬರು ಮರುದಿನವೇ ಬಂಧನಕ್ಕೊಳಗಾದರು. ಮುಂದೆ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. ಕೊನೆಗೆ ಸಿಬಿಐ ಬಂತು. ತೆಲಗಿಗೆ 2006ರಲ್ಲಿ 30 ವರ್ಷ ಶಿಕ್ಷೆಯಾಯಿತು. 2017ರಲ್ಲಿ ಬಂದೀಖಾನೆ ಡಿಐಜಿ ಡಿ. ರೂಪಾ ಕೊಟ್ಟ ವರದಿಯಲ್ಲಿ ಪರಪ್ಪನ ಅಗ್ರಹಾರ ಜೈಲಿನೊಳಗೂ ಅವನ ಸೇವೆಗೆ ಮೂರ್ನಾಲ್ಕು ವಿಚಾರಣಾಧೀನ ಕೈದಿಗಳಿದ್ದರು ಎಂಬ ಆರೋಪವಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೆಲಗಿ ಸತ್ತ. ದೇಹ ಖಾನಾಪುರಕ್ಕೇ ಬಂತು.

ತಪ್ಪಿತಸ್ಥನನ್ನು ನಾನು ಸಮರ್ಥಿಸುತ್ತಿಲ್ಲ. ಬಡತನ ಎಂಬುದು ಅವನ ಮಾಫಿಗೆ ಕಾರಣವೂ ಅಲ್ಲ. ಅದೇ ರೈಲಿನಲ್ಲಿ ಶೇಂಗಾ, ಹಣ್ಣು ಮಾರಿ ಮಕ್ಕಳನ್ನು ಮರ್ಯಾದೆಯಿಂದ ಓದಿಸಿದವರು ಈ ಊರಿನಲ್ಲಿ ಬಹಳ ಜನ. ನನ್ನ ಸಂಕಟ ಬೇರೆ. ಕೆಟ್ಟ ಹೆಸರು ಸುಲಭವಾಗಿ ಅಂಟುವುದು ಚಿಕ್ಕ ಊರಿಗೆ, ಹಣ್ಣಿನ ಬುಟ್ಟಿಗೆ, ಬಡ ಮನೆಗೆ. ಯಂತ್ರ ಬಿಟ್ಟುಕೊಟ್ಟ ಕಚೇರಿ, ಲೈಸೆನ್ಸ್ ಕೊಡಿಸಿದ ಶಿಫಾರಸು, ಕಣ್ಣುಮುಚ್ಚಿ ಕೊಂಡ ಕಂಪನಿ, ಇವುಗಳ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ತೆರೆಯ ಮೇಲಿನ ಥ್ರಿಲ್ಲರಿನಲ್ಲೂ ನಮಗೆ ಖಳನೊಬ್ಬ ಸಿಕ್ಕರೆ ಸಾಕು, ಅವನ ಸುತ್ತ ಇಸ್ತ್ರಿ ಅಂಗಿ ತೊಟ್ಟು ಕುಳಿತವರ ಮುಖ ನೆನಪಿನಲ್ಲಿ ಉಳಿಯುವುದಿಲ್ಲ.

ಹಗರಣದ ತರುವಾಯ ಕರ್ನಾಟಕ ಹಳೆಯ ಛಾಪಾ ಕಾಗದ ಬಿಟ್ಟು ಇ-ಸ್ಟ್ಯಾಂಪಿಗೆ ಬಂತು. ಪ್ರತಿ ಪ್ರಮಾಣಪತ್ರದ ಮೇಲೂ ಒಂದು ಸಂಖ್ಯೆ ಇರುತ್ತದೆ, ಅದನ್ನು ಆನ್‌ಲೈನಿನಲ್ಲಿ ತಾಳೆ ನೋಡಲು ಬರುತ್ತದೆ. ಮನೆ ಕರಾರಿರಲಿ, ಹೊಲದ ಖರೀದಿಯಿರಲಿ, ಎದುರಿಗೆ ಕೂತವರು ಎಷ್ಟೇ ದೊಡ್ಡವರಿರಲಿ, ಆ ಸಂಖ್ಯೆ ನೋಡದೆ ಸಹಿ ಮಾಡಬೇಡಿ.