ಮೊದಲ ಪ್ರದರ್ಶನಕ್ಕೆ ನಾವು ಕೊಡಬೇಕಾದದ್ದು

ಚೆನ್ನಾಗಿ ಮೂಡಿಬರದ ಹಾಡಿಗೆ ಚಪ್ಪಾಳೆ ತಟ್ಟುವುದು ಸುಳ್ಳು ಹೇಳಿದಂತೆಯೇ? ಪ್ರಶ್ನೆ ಚಿಕ್ಕದು. ಆದರೆ ಮದುವೆಮನೆಯ ಊಟದಿಂದ ಹಿಡಿದು ಗೆಳೆಯನ ಮೊದಲ ಕವನಸಂಕಲನದವರೆಗೆ ನಾವೆಲ್ಲ ಇದನ್ನು ಎದುರಿಸುತ್ತಲೇ ಇರುತ್ತೇವೆ. 'ಚೆನ್ನಾಗಿದೆ' ಎಂಬ ಮಾತನ್ನು ಎಷ್ಟು ಸಲ ನಂಬಿ ಆಡಿದೆವು, ಎಷ್ಟು ಸಲ ಪಾರಾಗಲೆಂದು ಆಡಿದೆವು ಎಂದು ಲೆಕ್ಕ ಇಟ್ಟವರು ಯಾರೂ ಇರಲಿಕ್ಕಿಲ್ಲ.

ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಬಡಾವಣೆಯ ಗಣೇಶೋತ್ಸವದ ಒಂದು ಸಂಜೆ. ಛದ್ಮವೇಷ ಸ್ಪರ್ಧೆಯ ಬಹುಮಾನ ವಿತರಣೆ ಮುಗಿದಿತ್ತು, ರಾತ್ರಿಯ ಆರ್ಕೆಸ್ಟ್ರಾ ಇನ್ನೂ ಶುರುವಾಗಿರಲಿಲ್ಲ. ನಡುವೆ ಸಿಕ್ಕ ನಲವತ್ತು ನಿಮಿಷಗಳಲ್ಲಿ ಅಕ್ಕಪಕ್ಕದ ಬೀದಿಗಳ ನಾಲ್ವರು ಕಾಲೇಜು ಹುಡುಗ ಹುಡುಗಿಯರ ಹೊಸ ಬ್ಯಾಂಡ್ ಮೊದಲ ಬಾರಿಗೆ ಸ್ಟೇಜ್ ಹತ್ತಿತು. ಎರಡನೆಯ ಹಾಡಿನಲ್ಲಿ ಡ್ರಮ್ಸ್ ಹುಡುಗ ಓಡತೊಡಗಿದ, ಗಿಟಾರ್ ಹಿಂದೆ ಬಿತ್ತು. ಮೂರನೆಯದರಲ್ಲಿ ಹಾಡುತ್ತಿದ್ದ ಹುಡುಗಿಗೆ ಚರಣ ಮರೆತುಹೋಯಿತು, ಅದೇ ಕ್ಷಣಕ್ಕೆ ಮೈಕ್ ಕೂಡ ಕಿರುಗುಟ್ಟಿತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ನಾಲ್ಕನೆಯದು ಅವರೇ ಬರೆದು ರಾಗ ಹಾಕಿದ ಹಾಡು, ಕೊನೆಯ ಸಿಟಿ ಬಸ್ಸು ತಪ್ಪಿಸಿಕೊಂಡವನ ಕುರಿತಾದದ್ದು. ಅದರ ನಡುವೆ ಒಂದು ಕಡೆ ಡ್ರಮ್ಸ್ ನಿಂತು, ಬೇಸ್ ಗಿಟಾರ್ ಮತ್ತು ದನಿ ಮಾತ್ರ ಉಳಿದವು. ಆ ಅರ್ಧ ನಿಮಿಷ ಚೆನ್ನಾಗಿತ್ತು.

ಹಾಡು ಮುಗಿದಾಗ ನಾನು ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ಕುಳಿತಿದ್ದ ಪರಿಚಯದ ಹುಡುಗ, ಸಾಹಿತ್ಯದ ವಿದ್ಯಾರ್ಥಿ, ಕೈ ಕಟ್ಟಿಕೊಂಡೇ ಇದ್ದ. 'ಸುಳ್ಳು ಚಪ್ಪಾಳೆ ಅವರಿಗೆ ಮಾಡುವ ಅವಮಾನ ಅಲ್ವಾ ಸರ್?' ಎಂದ. ಅವನ ಮಾತಿನಲ್ಲಿ ಉಡಾಫೆ ಇರಲಿಲ್ಲ. ದೊಡ್ಡವರಿಗೆ ಹೇಳುವ ಸತ್ಯವನ್ನೇ ಹೊಸಬರಿಗೂ ಹೇಳಬೇಕು, ಇಲ್ಲದಿದ್ದರೆ ಅವರನ್ನು ಮಕ್ಕಳೆಂದು ಭಾವಿಸಿದಂತಾಗುತ್ತದೆ ಎನ್ನುವುದು ಅವನ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸುಳ್ಳಿನ ವಿಷಯದಲ್ಲಿ ಇಮ್ಯಾನ್ಯುಯಲ್ ಕಾಂಟ್‌ನಷ್ಟು ಕಟ್ಟುನಿಟ್ಟಿನ ತತ್ತ್ವಜ್ಞಾನಿ ಮತ್ತೊಬ್ಬ ಸಿಗುವುದು ಕಷ್ಟ. ಅಂಥವನೂ 1797ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಒಂದು ಕಡೆ ತಡವರಿಸುತ್ತಾನೆ. ಲೇಖಕನೊಬ್ಬ ತನ್ನ ಓದುಗನನ್ನು, ನನ್ನ ಕೃತಿ ಹೇಗಿದೆ ಎಂದು ಕೇಳುತ್ತಾನೆ. ಓದುಗ ಹಾಸ್ಯ ಮಾಡಿ ಜಾರಿಕೊಳ್ಳಬಹುದು, ಆದರೆ ಅಂಥ ಚುರುಕು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಉತ್ತರಿಸಲು ಒಂದು ಕ್ಷಣ ತಡಮಾಡಿದರೂ ಲೇಖಕನಿಗೆ ನೋವಾಗುತ್ತದೆ. ಹಾಗಾದರೆ ಅವನು ಬಯಸಿದ ಮಾತನ್ನೇ ಆಡಿಬಿಡಬಹುದೇ? ಕಾಂಟ್ ಪ್ರಶ್ನೆಯನ್ನು ಎತ್ತುತ್ತಾನೆ, ಉತ್ತರ ಕೊಡದೆ ಮುಂದೆ ಹೋಗುತ್ತಾನೆ.

ಚಪ್ಪಾಳೆ ನಿಜಕ್ಕೂ ಸುಳ್ಳಾಗುವುದು ಯಾವಾಗ? ಇದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಉದಾಹರಣೆ ರೋಮ್‌ನ ಚಕ್ರವರ್ತಿ ನೀರೋ. ತಾನು ಹಾಡುವಾಗ ಚಪ್ಪಾಳೆ ತಟ್ಟಲೆಂದೇ ಅವನು 5000ಕ್ಕೂ ಹೆಚ್ಚು ಯುವಕರನ್ನು ಆರಿಸಿ ತರಬೇತಿ ಕೊಡಿಸಿದ್ದನೆಂದು ಸ್ವಿಟೋನಿಯಸ್ ಬರೆಯುತ್ತಾನೆ. ಆ ಚಪ್ಪಾಳೆಯಲ್ಲೂ ಬಗೆಗಳಿದ್ದವು: ಜೇನ್ನೊಣಗಳ ಝೇಂಕಾರದಂಥದು ಒಂದು, ಹೆಂಚಿನ ಹೆಸರಿನದು ಇನ್ನೊಂದು. ಅವನು ಹಾಡುತ್ತಿರುವಾಗ ಎಷ್ಟೇ ತುರ್ತಿದ್ದರೂ ರಂಗಮಂದಿರದಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ. ಆ ಚಪ್ಪಾಳೆಯ ಹಿಂದೆ ಇದ್ದದ್ದು ಭಯ ಮತ್ತು ಲಾಭ. ನಮ್ಮ ಬಡಾವಣೆಯ ನಾಲ್ವರಿಂದ ಯಾರಿಗೂ ಭಯವಿರಲಿಲ್ಲ, ಬರುವ ಲಾಭವೂ ಇರಲಿಲ್ಲ. ಅಲ್ಲಿಂದ ಎದ್ದುಹೋಗುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೀಗಿರುವಾಗ ಕುಳಿತೇ ಇದ್ದು ತಟ್ಟಿದ ಚಪ್ಪಾಳೆಯನ್ನು ನೀರೋನ ಚಪ್ಪಾಳೆಯ ಪಕ್ಕದಲ್ಲಿಟ್ಟು ಅಳೆಯುವುದು ಸರಿಯಲ್ಲ. ಅದರ ಅರ್ಥ 'ನೀವು ಅದ್ಭುತ' ಎಂದೇ ಆಗಬೇಕಿಲ್ಲ. 'ನೀವು ಹಾಡಿದಿರಿ, ನಮಗೆ ಕೇಳಿಸಿತು' ಎಂದೂ ಆಗಬಹುದು. ಕೇಳಿದ್ದು ನಿಜವಾದರೆ ಆ ಚಪ್ಪಾಳೆಯೂ ನಿಜ.

ನಮ್ಮ ಪರಂಪರೆಯಲ್ಲಿ ಮೊದಲ ಪ್ರದರ್ಶನದ ಕಥೆ ಇನ್ನೂ ಹಳೆಯದು. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಭರತನೂ ಅವನ ನೂರು ಮಕ್ಕಳೂ ಇಂದ್ರಧ್ವಜದ ಉತ್ಸವದಲ್ಲಿ ಮೊತ್ತಮೊದಲ ನಾಟಕವನ್ನು ಆಡುತ್ತಾರೆ. ದೇವತೆಗಳು ಮೆಚ್ಚಿ ಉಡುಗೊರೆ ಕೊಡುತ್ತಾರೆ. ಆದರೆ ಕಥೆ ದೈತ್ಯರು ಸೋತದ್ದರ ಕುರಿತಾದದ್ದು, ಸೋತವರೂ ಸಭೆಯಲ್ಲಿ ಕುಳಿತಿದ್ದಾರೆ. ಅವರು ವಿಘ್ನಗಳ ಜೊತೆ ಸೇರಿ ನಟರ ಮಾತು, ಚಲನೆ, ನೆನಪು ಈ ಮೂರನ್ನೂ ಸ್ತಂಭಿಸಿಬಿಡುತ್ತಾರೆ. ಮೊದಲ ಸಲ ಸ್ಟೇಜ್ ಮೇಲೆ ನಿಂತವರಿಗೆ ಈ ಮೂರು ಹೆಸರುಗಳು ಚೆನ್ನಾಗಿ ಗೊತ್ತು. ದನಿ ಹೊರಡದು, ಕೈ ಆಡದು, ಚರಣ ನೆನಪಾಗದು. ಇಂದ್ರ ತನ್ನ ಧ್ವಜದಂಡದಿಂದ ಕೆಲವರನ್ನು ಬಡಿಯುತ್ತಾನೆ, ಆದರೂ ಕಾಟ ನಿಲ್ಲುವುದಿಲ್ಲ. ಆಮೇಲೆ ಬ್ರಹ್ಮ ವಿಶ್ವಕರ್ಮನಿಂದ ನಾಟ್ಯಗೃಹ ಕಟ್ಟಿಸುತ್ತಾನೆ, ಜೊತೆಗೆ ಸಿಟ್ಟಾದವರನ್ನು ಕರೆದು ಮಾತಾಡುತ್ತಾನೆ, ನಾಟ್ಯ ದೇವತೆಗಳಿಗಾಗಿ ಮಾತ್ರ ಇರುವುದಲ್ಲ ಎಂದು ತಿಳಿಹೇಳುತ್ತಾನೆ. ಇಲ್ಲಿ ನನಗೆ ಕಾಣುವುದು ಇಷ್ಟು: ಆಡುವವರು ನಡುಗುವುದು ಅವರ ಅಭ್ಯಾಸದ ಕೊರತೆಯಿಂದ ಮಾತ್ರವಲ್ಲ, ಎದುರಿಗೆ ಕುಳಿತವರಿಂದಲೂ ಹೌದು. ನಾಟ್ಯಗೃಹಕ್ಕೆ ಗೋಡೆ ಎಷ್ಟು ಬೇಕೋ ನೋಡುವವರ ಮನಸ್ಸೂ ಅಷ್ಟೇ ಬೇಕು.

ಇಲ್ಲಿ ಒಂದು ಜನಪ್ರಿಯ ಸಮಾಧಾನವಿದೆ. ಯಾರಿಗೆ ಗೊತ್ತು, ಇವರೇ ನಾಳೆ ದೊಡ್ಡವರಾಗಬಹುದು ಎನ್ನುವುದು ಅದು. ಅದಕ್ಕೆ ಕಥೆಗಳೂ ಸಿಗುತ್ತವೆ. 1975ರ ನವೆಂಬರ್ 6ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಬ್ಯಾಂಡ್ ಮೊದಲ ಪ್ರದರ್ಶನ ಕೊಟ್ಟಿತು. ಕೆಲವೇ ಹಾಡುಗಳಾಗುವಷ್ಟರಲ್ಲಿ ವಿದ್ಯುತ್ ಸಂಪರ್ಕ ಕಿತ್ತು ಅವರನ್ನು ನಿಲ್ಲಿಸಲಾಯಿತು. ಆ ಸಂಜೆಯ ಮುಖ್ಯ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಗಾಡರ್ಡ್ ಮಾತ್ರ ತಾನು ಕಂಡದ್ದರಿಂದ ಅಲುಗಾಡಿಹೋದ, ತನ್ನ ತಂಡವನ್ನೇ ಬಿಟ್ಟ. ಮುಂದೆ ಆ್ಯಡಮ್ ಆಂಟ್ ಎಂಬ ಹೆಸರಿನಲ್ಲಿ ತಾನೂ ಪ್ರಸಿದ್ಧನಾದ.

ಕಥೆ ಸೊಗಸಾಗಿದೆ, ಆದರೆ ಇದನ್ನು ವಾದವಾಗಿ ಬಳಸಲು ನನಗೆ ಮನಸ್ಸಿಲ್ಲ. ಮೊದಲ ಸಲ ತಡವರಿಸಿದವರಲ್ಲಿ ಹೆಚ್ಚಿನವರು ಪ್ರಸಿದ್ಧರಾಗುವುದಿಲ್ಲ. ಪರೀಕ್ಷೆ, ಕೆಲಸ, ಬೇರೆ ಊರು ಎಂದು ನಾಲ್ವರೂ ಚದುರಿಹೋಗುತ್ತಾರೆ, ಗಿಟಾರ್ ಅಟ್ಟ ಸೇರುತ್ತದೆ. ನಾಳೆಯ ಕೀರ್ತಿಯ ಆಸೆಯಿಂದ ಇಂದು ಕಿವಿಗೊಟ್ಟರೆ ಅದು ಒಂದು ಬಗೆಯ ಹೂಡಿಕೆ. ಎಂದೂ ದೊಡ್ಡವರಾಗದ ಆ ನಾಲ್ವರಿಗೂ ಆ ಸಂಜೆಯ ಮಟ್ಟಿಗೆ ನಮ್ಮಿಂದ ಏನೋ ಸಲ್ಲಬೇಕು. ನನ್ನ ಪ್ರಕಾರ ಅದು ಗಮನ. ಹೊಗಳಿಕೆಯನ್ನು ಅವರು ಗಳಿಸಬೇಕು. ಗಮನವನ್ನು ಮಾತ್ರ ನಾವು ಮುಂಗಡವಾಗಿಯೇ ಕೊಡಬೇಕು, ಏಕೆಂದರೆ ಅದಿಲ್ಲದೆ ಗಳಿಸುವ ಅವಕಾಶವೇ ಅವರಿಗೆ ಇರುವುದಿಲ್ಲ.

ಈ ಗಮನ ಈಗ ಮೊದಲಿಗಿಂತ ತುಟ್ಟಿಯಾಗಿದೆ. ಆ ಸಂಜೆ ಚರಣ ಮರೆತ ಕ್ಷಣದಲ್ಲಿ ಹತ್ತಾರು ಮೊಬೈಲ್‌ಗಳು ಮೇಲೆದ್ದವು. ಹಿಂದೆಲ್ಲ ಊರ ನಾಟಕದಲ್ಲಿ ಮಾತು ಮರೆತವನನ್ನು ಜನ ಒಂದು ವಾರ ಆಡಿಕೊಂಡು ಮರೆಯುತ್ತಿದ್ದರು, ಅವನು ಮುಂದಿನ ವರ್ಷ ಮತ್ತೆ ಬಣ್ಣ ಹಚ್ಚುತ್ತಿದ್ದ. ಈಗ ಹದಿನೈದು ಸೆಕೆಂಡಿನ ಒಂದು ರೀಲ್ ಸಾಕು, ನಲವತ್ತು ನಿಮಿಷವನ್ನು ಅದು ನುಂಗಿಬಿಡುತ್ತದೆ. ಚೆನ್ನಾಗಿದ್ದ ಆ ಅರ್ಧ ನಿಮಿಷಕ್ಕೆ ಯಾರೂ ಮೊಬೈಲ್ ಎತ್ತಲಿಲ್ಲ. ತಪ್ಪನ್ನು ಹಿಡಿದಿಡಲು ಹಾಡನ್ನು ಕೇಳಬೇಕಾದ ಅಗತ್ಯವೇ ಇಲ್ಲ, ಸದ್ದು ಕೆಟ್ಟಾಗ ತಲೆ ಎತ್ತಿದರೆ ಸಾಕು. ಒಳ್ಳೆಯದನ್ನು ಹಿಡಿಯುವವನು ಮೊದಲಿನಿಂದಲೂ ಕೇಳುತ್ತಿರಬೇಕು.

ಕಾರ್ಯಕ್ರಮ ಮುಗಿದ ಮೇಲೆ ಹಾಡಿದ ಹುಡುಗಿ ಕೇಬಲ್ ಸುತ್ತುತ್ತ 'ಹೇಗಿತ್ತು?' ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುನ್ನವೇ ಕೈ ಕಟ್ಟಿ ಕುಳಿತಿದ್ದ ಆ ವಿದ್ಯಾರ್ಥಿ ಮಾತಾಡಿದ. ಎರಡನೆಯ ಹಾಡು ಎಲ್ಲಿ ಓಡಿತು, ಮೂರನೆಯದರಲ್ಲಿ ಗಿಟಾರ್ ಶ್ರುತಿ ಎಲ್ಲಿ ಇಳಿಯಿತು, ಬಸ್ಸಿನ ಹಾಡಿನಲ್ಲಿ ಡ್ರಮ್ಸ್ ನಿಂತದ್ದು ಯಾಕೆ ಒಳ್ಳೆಯದಾಯಿತು ಎಂದು ಒಂದೊಂದಾಗಿ ಹೇಳಿದ. ಅವಳು ನೊಂದುಕೊಳ್ಳಲಿಲ್ಲ. 'ಅದನ್ನು ಬೇಕಂತಲೇ ನಿಲ್ಲಿಸಿದ್ವಿ' ಎಂದು ಖುಷಿಯಿಂದ ಹೇಳಿದಳು. ಅವನು ಚಪ್ಪಾಳೆ ತಟ್ಟಿರಲಿಲ್ಲ ನಿಜ, ಆದರೆ ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿದ್ದವನು ಅವನೇ ಇರಬೇಕು.

ಕಾಂಟ್ ಬಿಟ್ಟುಹೋದ ಪ್ರಶ್ನೆಗೆ ಇಲ್ಲೊಂದು ದಾರಿ ಕಾಣುತ್ತದೆ. 'ಹೇಗಿತ್ತು' ಎಂದಾಗ ನಾವು ತಡವರಿಸುವುದು ಸತ್ಯ ಕಹಿಯೆಂಬ ಕಾರಣಕ್ಕಿಂತ ಹೆಚ್ಚಾಗಿ, ಹೇಳಲು ನಮ್ಮ ಬಳಿ ಏನೂ ಇಲ್ಲವೆಂಬ ಕಾರಣಕ್ಕೆ. ಅರ್ಧ ಕೇಳಿದವನಿಗೆ 'ಚೆನ್ನಾಗಿತ್ತು', 'ಚೆನ್ನಾಗಿರಲಿಲ್ಲ' ಎಂಬ ಎರಡೇ ಮಾತುಗಳು ಉಳಿಯುತ್ತವೆ. ಒಂದು ಸುಳ್ಳಾಗುತ್ತದೆ, ಇನ್ನೊಂದು ಕ್ರೂರವಾಗುತ್ತದೆ. ಪೂರ್ತಿ ಕೇಳಿದವನ ಬಳಿ ಹತ್ತು ಸಣ್ಣ ಸತ್ಯಗಳಿರುತ್ತವೆ. ಅವುಗಳಲ್ಲಿ ಯಾವುದನ್ನು ಮೊದಲು ಹೇಳಬೇಕೆಂದು ಅವನು ಆರಿಸಿಕೊಳ್ಳಬಹುದು, ಮತ್ತು ಆ ಆಯ್ಕೆಯಲ್ಲಿ ಕರುಣೆಗೆ ಬೇಕಾದಷ್ಟು ಜಾಗವಿರುತ್ತದೆ.

ಹಾಗಾಗಿ ಚಪ್ಪಾಳೆ ತಟ್ಟಬೇಕೇ ಬೇಡವೇ ಎನ್ನುವುದು ಅವರವರಿಗೆ ಬಿಟ್ಟದ್ದು. ನಾನು ತಟ್ಟುತ್ತೇನೆ, ನನ್ನ ಪಕ್ಕದವನು ತಟ್ಟದೆ ಇರಬಹುದು. ಆದರೆ ಐದು ಹಾಡುಗಳೆಂದು ಹೇಳಿ ಹತ್ತಿದವರ ಐದನೆಯ ಹಾಡಿನವರೆಗೂ ಯಾರಾದರೂ ಕುಳಿತಿರಬೇಕು.